ಮ್ಯಾಶ್ಪಿಯ 321 ಎಕರೆ: ಈ ತಕರಾರು ಎಲ್ಲಿಂದ ಶುರುವಾಯ್ತು?

ಅಮೆರಿಕದ ಮ್ಯಾಸಚೂಸೆಟ್ಸ್‌ನ ಮ್ಯಾಶ್ಪಿ ಊರಿನ ವಾಂಪನೋಗ್ ಎಂಬ ಮೂಲನಿವಾಸಿ ಬುಡಕಟ್ಟಿನ ಜನರ 321 ಎಕರೆ ಜಮೀನಿನ ಸುದ್ದಿಯನ್ನು ಬಿಡಿಬಿಡಿಯಾಗಿ ಓದಿದರೆ ತಲೆಬುಡ ಗೊತ್ತಾಗುವುದಿಲ್ಲ. 2015ರಲ್ಲಿ ಕೇಂದ್ರ ಸರ್ಕಾರ ಆ ಜಮೀನನ್ನು ತನ್ನ ಹೆಸರಲ್ಲಿ ಇಟ್ಟುಕೊಂಡು ಅವರಿಗಾಗಿ ಕಾಯ್ದಿಟ್ಟಿತು. 2018ರಲ್ಲಿ, ಹಾಗೆ ಮಾಡಲು ಕಾನೂನು ಒಪ್ಪುವುದಿಲ್ಲ ಎಂದಿತು. 2020ರ ಮಾರ್ಚ್‌ನಲ್ಲಿ, ಕೊರೊನಾ ಹಬ್ಬುತ್ತಿದ್ದಾಗಲೇ, ಆ ಏರ್ಪಾಡನ್ನೇ ತೆಗೆಯುತ್ತೇವೆ ಎಂದಿತು. 2021ರ ಕೊನೆಗೆ, ಇಲ್ಲ, ಇರಲಿ ಎಂದಿತು.

ಹಿಂದಕ್ಕೆ ಹೋಗೋಣ. 1620ರಲ್ಲಿ ಮೇಫ್ಲವರ್ ಹಡಗಿನ ಇಂಗ್ಲಿಷರು ಪ್ಲಿಮತ್ ಎಂಬ ತಮ್ಮ ವಸಾಹತು ಕಟ್ಟಿದ್ದು ಖಾಲಿ ಕಾಡಿನಲ್ಲಲ್ಲ. ಅದು ಪಟುಕ್ಸೆಟ್ ಎಂಬ ವಾಂಪನೋಗ್ ಊರು. 1616ರಿಂದ 1619ರ ನಡುವೆ, ಯುರೋಪಿನ ಹಡಗುಗಳ ಜೊತೆ ಬಂದ ರೋಗಕ್ಕೆ ಇಡೀ ಊರೇ ಸತ್ತಿತ್ತು. ಆ ಊರಿನ ಟಿಸ್ಕ್ವಾಂಟಮ್ ಬದುಕಿದ್ದ. ಯಾಕೆಂದರೆ 1614ರಲ್ಲೇ ಅವನನ್ನು ಹಿಡಿದು ಸ್ಪೇನ್‌ಗೆ ಮಾರಲು ಒಯ್ದಿದ್ದರು. ಹೇಗೋ ವಾಪಸ್ ಬಂದಾಗ ಮನೆಯವರು ಯಾರೂ ಇರಲಿಲ್ಲ.

1621ರಲ್ಲಿ ವಾಂಪನೋಗ್ ನಾಯಕ ಊಸಮೆಕ್ವಿನ್ ಇಂಗ್ಲಿಷರ ಜೊತೆ ಒಪ್ಪಂದ ಮಾಡಿಕೊಂಡ. ಅದನ್ನು ಬರೀ ಒಳ್ಳೆತನ ಎಂದು ಅಲ್ಲಿನ ಶಾಲೆಯಲ್ಲಿ ಹೇಳಿಕೊಡುತ್ತಾರೆ. ಆದರೆ ಅವನ ಜನ ರೋಗಕ್ಕೆ ಸಿಕ್ಕಿ ತೀರಾ ಕಮ್ಮಿಯಾಗಿದ್ದರು. ಪಕ್ಕದ ನ್ಯಾರಗ್ಯಾನ್ಸೆಟ್ ಜನಕ್ಕೆ ರೋಗ ಅಷ್ಟಾಗಿ ತಟ್ಟಿರಲಿಲ್ಲ. ಅವನಿಗೆ ಒಂದು ಆಸರೆ ಬೇಕಿತ್ತು, ಅಷ್ಟೆ. ಆಮೇಲೆ ಐವತ್ತು ವರ್ಷ ಜಮೀನು ಇಂಗ್ಲಿಷರ ಕೈ ಸೇರುತ್ತಲೇ ಹೋಯಿತು. ಅವನ ಮಗ ಮೆಟಕಾಮ್ 1675ರಲ್ಲಿ ಇಂಗ್ಲಿಷರ ವಿರುದ್ಧ ಯುದ್ಧಕ್ಕಿಳಿದ, 1676ರಲ್ಲಿ ಸತ್ತ. ಅವನ ತಲೆಯನ್ನು ಪ್ಲಿಮತ್‌ನಲ್ಲಿ ವರ್ಷಗಟ್ಟಲೆ ಕಂಬಕ್ಕೆ ಚುಚ್ಚಿಟ್ಟರು. ಅವನ ಹೆಂಡತಿಯನ್ನೂ ಒಂಬತ್ತು ವರ್ಷದ ಮಗನನ್ನೂ ಹಿಡಿದರು. ಆ ಹುಡುಗನನ್ನು ಗುಲಾಮನಾಗಿ ಮಾರಿದರು.

ಮ್ಯಾಶ್ಪಿಯವರು ಕ್ರೈಸ್ತರಾಗಿದ್ದರು, ಯುದ್ಧದಿಂದ ದೂರ ಇದ್ದರು, ಹಾಗಾಗಿ ಅವರ ನೆಲ ಉಳಿಯಿತು. 1869ರಲ್ಲಿ ರಾಜ್ಯ ಸರ್ಕಾರ, ಇನ್ನು ಇವರ ಜಮೀನನ್ನು ಯಾರಿಗೆ ಬೇಕಾದರೂ ಮಾರಬಹುದು ಎಂದಿತು. ಊರಲ್ಲಿ ಮತ ಹಾಕಿದವರಲ್ಲಿ ಹೆಚ್ಚಿನವರು ಬೇಡ ಎಂದಿದ್ದರು. ಆದರೂ ಕಾನೂನು ಬಂತು. ಆಮೇಲೆ ಜಮೀನು ಸ್ವಲ್ಪ ಸ್ವಲ್ಪವೇ ಕೈಬಿಟ್ಟಿತು.

1976ರಲ್ಲಿ ಅವರು ಕೋರ್ಟಿಗೆ ಹೋದರು. ಬುಡಕಟ್ಟಿನ ಜಮೀನನ್ನು ಕೇಂದ್ರದ ಒಪ್ಪಿಗೆಯಿಲ್ಲದೆ ಕೊಳ್ಳುವಂತಿಲ್ಲ ಎಂಬ 1790ರ ಕಾನೂನೇ ಅವರ ಆಧಾರ. ಆದರೆ ಕೋರ್ಟು ಮೊದಲು ಕೇಳಿದ್ದು ಜಮೀನಿನ ಬಗ್ಗೆ ಅಲ್ಲ. ನೀವು ಬುಡಕಟ್ಟು ಹೌದೋ ಅಲ್ಲವೋ ಎಂದು. ಆರು ದಿನಾಂಕ ಕೊಟ್ಟು, ಒಂದೊಂದು ದಿನವೂ ಇವರು ಬುಡಕಟ್ಟಾಗಿದ್ದರೇ ಹೇಳಿ ಎಂದು ಜ್ಯೂರಿಯನ್ನು, ಅಂದರೆ ತೀರ್ಪು ಹೇಳಲು ಕೂರಿಸಿದ ಸಾಮಾನ್ಯ ಜನರನ್ನು, ಕೇಳಿದರು. 1978ರಲ್ಲಿ ಉತ್ತರ ಬಂತು: 1790ರಲ್ಲಿ ಅಲ್ಲ, 1834 ಮತ್ತು 1842ರಲ್ಲಿ ಹೌದು, 1869, 1870, 1976ರಲ್ಲಿ ಅಲ್ಲ. ಅದೇ ಜನ, ಅದೇ ಊರು, ಅದೇ ಮನೆತನಗಳು. ಚರ್ಚಿಗೆ ಹೋಗಿದ್ದು, ಹೊರಗಿನವರನ್ನು ಮದುವೆಯಾಗಿದ್ದು ಎಲ್ಲವೂ ಅವರ ವಿರುದ್ಧದ ವಾದಕ್ಕೆ ಬಳಕೆಯಾಯಿತು. ಬದುಕಿ ಉಳಿಯಲು ಮಾಡಿದ್ದೇ ಅವರಿಗೆ ಮುಳುವಾಯಿತು, ಇದು ನ್ಯಾಯ ಅಂತ ನನಗೆ ಇವತ್ತಿಗೂ ಅನ್ನಿಸಿಲ್ಲ. ಕೇಸು ಸೋತಿತು.

2007ರಲ್ಲಿ ಕೇಂದ್ರ ಅವರನ್ನು ಬುಡಕಟ್ಟೆಂದು ಒಪ್ಪಿತು. ಎರಡೇ ವರ್ಷಕ್ಕೆ, ಬೇರೆ ಬುಡಕಟ್ಟಿನ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೊಸ ತೊಡಕು ಹಾಕಿತು. ಜಮೀನು ಕಾಯ್ದಿಡುವ ಕಾನೂನು ಬಂದ 1934ರಲ್ಲೇ ಕೇಂದ್ರದ ಅಧೀನದಲ್ಲಿದ್ದವರಿಗೆ ಮಾತ್ರ ಹೀಗೆ ಜಮೀನು ಕಾಯ್ದಿಡಬಹುದು ಎಂದಿತು. 321 ಎಕರೆಯ ಎಳೆದಾಟ ಪೂರ್ತಿ ನಿಂತಿರುವುದು ಈ ಒಂದು ಇಸವಿಯ ಮೇಲೆ. ಮತ್ತೆ ಅದೇ ಪ್ರಶ್ನೆ ಅಲ್ವಾ, ಆ ವರ್ಷ ನೀವು ಯಾರಾಗಿದ್ದಿರಿ?

ಇನ್ನೊಂದು ವಿಷಯ ಇದೆ. 1663ರಲ್ಲಿ ಪಾದ್ರಿಗಳು ಅವರ ಭಾಷೆಯಲ್ಲೇ ಬೈಬಲ್ ಅಚ್ಚು ಹಾಕಿದ್ದರು. ಓದುಬರಹ ಕಲಿತ ವಾಂಪನೋಗರು ತಮ್ಮ ಕ್ರಯಪತ್ರ, ಉಯಿಲು, ಪತ್ರಗಳನ್ನು ಆ ಭಾಷೆಯಲ್ಲೇ ಬರೆದಿಟ್ಟರು. ಆಮೇಲೆ ನೂರು ವರ್ಷಕ್ಕೂ ಜಾಸ್ತಿ ಕಾಲ ಆ ಭಾಷೆಯನ್ನು ಮನೆಮಾತಾಗಿ ಆಡುವವರೇ ಇರಲಿಲ್ಲ. 1990ರ ದಶಕದಲ್ಲಿ ಮ್ಯಾಶ್ಪಿಯವರೇ ಆದ ಜೆಸ್ಸಿ ಲಿಟ್ಲ್ ಡೋ ಬೇರ್ಡ್ ಮತ್ತು ಅವರ ಜೊತೆಯವರು ಅದೇ ಹಳೇ ಕಾಗದಗಳನ್ನು ಇಟ್ಟುಕೊಂಡು ಒಂದೊಂದೇ ಪದ ಜೋಡಿಸಿದರು. ಈಗ ಮ್ಯಾಶ್ಪಿಯ ಪುಟ್ಟ ಮಕ್ಕಳು ಅದನ್ನು ಕಲಿಯುತ್ತಿದ್ದಾರೆ.