ನೀರು ನೆತ್ತಿಗೆ ಹತ್ತಿದಾಗ

ಲಕ್ವಾ ಹೊಡೆದ ಹಿರಿಯರನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದ ಮೊದಲ ವಾರ ವಿಜಯಪುರ ಸೀಮೆಯ ಮನೆಗಳಲ್ಲಿ ಒಂದು ಮಾತು ತಪ್ಪದೆ ಕಿವಿಗೆ ಬೀಳುತ್ತದೆ: “ನುಂಗಾಕ ಆಗವಲ್ದರೀ, ಅದಕ್ಕ ಎಲ್ಲಾ ತೆಳ್ಳಗ ಮಾಡಿ ಕುಡಿಸಾಕತ್ತೀವಿ.” ಅಕ್ಕರೆಯಿಂದಲೇ ಮಾಡುತ್ತಾರೆ. ಮಲಗಿದವರ ತಲೆಯಷ್ಟನ್ನೇ ಎತ್ತಿ ಹಿಡಿದು ಲೋಟದಿಂದ ಗಂಜಿ ಸುರಿಯುತ್ತಾರೆ. ಕೆಮ್ಮು ಬಂದರೆ ನೆತ್ತಿ ತಟ್ಟಿ “ಯಾರೋ ನೆನಸಾಕತ್ತಾರ” ಅನ್ನುತ್ತಾರೆ. ದಿನಾ ಮೂರು ಹೊತ್ತೂ ನೆನೆಸುವಷ್ಟು ಬೀಗರು ಯಾರಿಗೂ ಇರುವುದಿಲ್ಲ.

ನೀರು ಹೋಗುತ್ತಿರುವುದು ಶ್ವಾಸನಾಳಕ್ಕೆ. ಗಂಟಲಲ್ಲಿ ಶ್ವಾಸನಾಳ ಮುಂದೆ, ಅನ್ನನಾಳ ಅದರ ಹಿಂದೆ. ತುತ್ತು ಅಲ್ಲಿಗೆ ಬರುವಷ್ಟರಲ್ಲಿ ಧ್ವನಿಪೆಟ್ಟಿಗೆ ಮೇಲೇರಿ ಶ್ವಾಸದ ದಾರಿ ಮುಚ್ಚಬೇಕು. ಆರೋಗ್ಯವಂತರಲ್ಲಿ ಇದೆಲ್ಲ ಸುಮಾರು ಒಂದು ಸೆಕೆಂಡಿನ ಕೆಲಸ. ಲಕ್ವಾ, ಪಾರ್ಕಿನ್ಸನ್, ಮುಂದುವರಿದ ಮರೆವಿನ ಕಾಯಿಲೆ ಇದ್ದವರಲ್ಲಿ ಆ ಬಾಗಿಲು ತಡವಾಗಿ ಮುಚ್ಚುತ್ತದೆ. ನೀರಿಗೆ ಕಾಯುವ ಗುಣ ಇಲ್ಲ, ಬಾಗಿಲು ಹಾಕುವ ಮೊದಲೇ ಒಳಗೆ ನುಗ್ಗುತ್ತದೆ. ಗಟ್ಟಿ ಮೊಸರು ನಿಧಾನಕ್ಕೆ ಜಾರುತ್ತದೆ, ಗಂಟಲಿಗೆ ತಯಾರಾಗಲು ಪುರುಸೊತ್ತು ಕೊಡುತ್ತದೆ. ತೆಳ್ಳಗಿದ್ದರೆ ನುಂಗಲು ಸಸಾರ ಎಂಬ ಲೆಕ್ಕ ಇವರ ಮಟ್ಟಿಗೆ ಉಲ್ಟಾ.

ಕೆಮ್ಮದವರೆಲ್ಲ ಸರಿಯಾಗಿ ನುಂಗುತ್ತಿದ್ದಾರೆ ಅಂತಲೂ ತಿಳಿಯಬೇಡಿ. ಕೆಲವರ ಗಂಟಲಿಗೆ ಸ್ಪರ್ಶವೇ ಹೋಗಿರುತ್ತದೆ, ನೀರು ಸದ್ದಿಲ್ಲದೆ ಶ್ವಾಸನಾಳಕ್ಕೆ ಇಳಿಯುತ್ತದೆ. ಉಂಡ ಮೇಲೆ “ಆ” ಅನ್ನಿಸಿ ನೋಡಿ. ಧ್ವನಿ ಗೊರಗೊರ ಅಂದರೆ, ಮೇಲಿಂದ ಮೇಲೆ ಜ್ವರ ಬಂದರೆ, ಉಸಿರು ಜೋರಾದರೆ “ಕಫ ಆಗೇತಿ” ಅಂತ ಮನೆಮದ್ದು ಮಾಡುತ್ತ ಕೂಡದೆ ಅಂದೇ ಡಾಕ್ಟರಿಗೆ ತೋರಿಸಿ. ನ್ಯುಮೋನಿಯಾ ಹೀಗೇ ಶುರುವಾಗುತ್ತದೆ.

ಹಾಗಂತ ಎಲ್ಲರಿಗೂ ಒಂದೇ ಹದ ಹೇಳಲಾಗದು. ತೀರಾ ಗಟ್ಟಿಯಾದದ್ದು ಗಂಟಲಲ್ಲೇ ಉಳಿದು ಆಮೇಲೆ ಜಾರಬಹುದು. ಯಾರಿಗೆ ಎಷ್ಟು ಗಟ್ಟಿ ಎಂಬುದನ್ನು ನುಂಗುವಿಕೆ ಪರೀಕ್ಷಿಸಿದ ವಾಕ್‌ಚಿಕಿತ್ಸಕರು (ಸ್ಪೀಚ್ ಥೆರಪಿಸ್ಟ್) ಅಥವಾ ವೈದ್ಯರೇ ಹೇಳಬೇಕು. ಅವರು ಹೇಳಿದ ಹದವನ್ನು ಮನೆಯಲ್ಲಿ ಅಳೆಯಲು 10 ಎಂ.ಎಲ್. ಸಿರಿಂಜ್ ಸಾಕು. 0ಯಿಂದ 10ರ ಗೆರೆಯವರೆಗೆ 61.5 ಮಿ.ಮೀ. ಉದ್ದ ಇರಬೇಕು, ಪಟ್ಟಿ ಇಟ್ಟು ನೋಡಿ. ಸೂಜಿ, ಒಳದಂಡ ಎರಡನ್ನೂ ತೆಗೆದು, ಕೆಳಗಿನ ತೂತಿಗೆ ಬೆರಳು ಒತ್ತಿ, 10ರ ಗೆರೆಗೆ ತುಂಬಿ. ಬೆರಳು ಬಿಟ್ಟು 10 ಸೆಕೆಂಡಿಗೆ ಮತ್ತೆ ಮುಚ್ಚಿ. 1 ಎಂ.ಎಲ್‌ಗಿಂತ ಕಡಿಮೆ ಉಳಿದರೆ ಅದು ನೀರೇ. 4ರಿಂದ 8 ಉಳಿದರೆ ನಸು ಗಟ್ಟಿ, 8ಕ್ಕಿಂತ ಹೆಚ್ಚಾದರೆ ಗಟ್ಟಿ. ಚಮಚದಿಂದ ತಿನ್ನಿಸುವ ಆಹಾರಕ್ಕೆ ಇನ್ನೂ ಸುಲಭದ ಪರೀಕ್ಷೆ: ಚಮಚದ ಮೇಲೆ ಗುಡ್ಡೆಯಾಗಿ ನಿಲ್ಲಬೇಕು, ಓರೆ ಮಾಡಿದರೆ ಒಂದೇ ಮುದ್ದೆಯಾಗಿ ಬೀಳಬೇಕು, ಅಂಟಿಕೊಳ್ಳಬಾರದು.

ಜೋಳದ ಅಂಬಲಿ ಈ ಕೆಲಸಕ್ಕೆ ಒಳ್ಳೆಯದು, ಆದರೆ ಆರಿದಂತೆ ಬಿಗಿಯುತ್ತದೆ. ಒಲೆ ಮೇಲಿದ್ದಾಗ ಅಲ್ಲ, ಉಣಿಸುವ ಬಿಸಿಗೆ ಬಂದಾಗ ಹದ ನೋಡಿ. ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಗಮನಿಸುವುದೇ ಇಲ್ಲ: ಬಾಯಿಗೆ ಹೋಗಿ ಬಂದ ಚಮಚವನ್ನು ಮತ್ತೆ ಮತ್ತೆ ಅದೇ ಬಟ್ಟಲಿಗೆ ಅದ್ದಿದರೆ ಜೊಲ್ಲಿನಲ್ಲಿರುವ ಕಿಣ್ವ ಪಿಷ್ಟವನ್ನು ಕರಗಿಸಿ, ಅರ್ಧ ಊಟದ ಹೊತ್ತಿಗೆ ಅಂಬಲಿ ನೀರಾಗಿರುತ್ತದೆ. ಎರಡು ಬಟ್ಟಲಿಟ್ಟುಕೊಂಡು ಸ್ವಲ್ಪ ಸ್ವಲ್ಪ ಬಡಿಸಿಕೊಳ್ಳಿ. ಮೊಸರಿನ ಮೇಲೆ ನಿಂತ ನೀರನ್ನು ಚೆಲ್ಲಿ. ಹಾಲಿನಲ್ಲಿ ಮುರಿದು ನೆನೆಸಿದ ರೊಟ್ಟಿ ಮೆತ್ತಗೆ ಕಂಡರೂ ಮೋಸ: ಚೂರು ಬಾಯಲ್ಲಿ ಉಳಿಯುತ್ತದೆ, ಹಾಲು ಮುಂದೆ ಓಡುತ್ತದೆ. ಎರಡನ್ನೂ ಸೇರಿಸಿ ನುಣ್ಣಗೆ ರುಬ್ಬಿದರೆ ಆದೀತು. ಮಾದಲಿ, ಪಂಚಮಿ ಉಂಡಿ, ಶೇಂಗಾ ಹಿಂಡಿಯಂಥ ಪುಡಿಪುಡಿ ಪದಾರ್ಥಗಳನ್ನು ಹಬ್ಬದ ಹೆಸರಿನಲ್ಲೂ ಬಾಯಿಗೆ ಹಾಕಬೇಡಿ.

ಉಣಿಸುವ ಮುಂಚೆ ಪೂರ್ತಿ ಎಚ್ಚರವಿದ್ದಾರೆಯೇ ನೋಡಿ, ನಿದ್ದೆಗಣ್ಣಲ್ಲಿ ಒಂದು ಚಮಚವೂ ಬೇಡ. ಸೊಂಟ ಹಿಂದಕ್ಕೆ ಒತ್ತಿ ನೇರ ಕೂಡ್ರಿಸಿ, ಲಕ್ವಾದಿಂದ ಬಿದ್ದ ಕೈಯ ಕೆಳಗೆ ದಿಂಬು, ಪಾದದ ಕೆಳಗೆ ಮಣೆ. ನೀವು ನಿಂತು ಉಣಿಸಿದರೆ ಅವರು ಕತ್ತು ಮೇಲೆತ್ತುತ್ತಾರೆ, ಆಗ ಶ್ವಾಸದ ದಾರಿ ಇನ್ನಷ್ಟು ತೆರೆದುಕೊಳ್ಳುತ್ತದೆ. ಎದುರಿಗೆ ಕೂತೇ ಉಣಿಸಿ. ಟೀವಿ ಬಂದ್ ಇರಲಿ. ಸಣ್ಣ ಚಮಚದಲ್ಲಿ (ಟೀ ಸ್ಪೂನ್), 5 ಎಂ.ಎಲ್. ದಾಟದಂತೆ, ಬಾಯಿಯ ಬಲವಿರುವ ಮಗ್ಗುಲಿಗೆ ಹಾಕಿ. ಗಂಟಲ ಗಂಟು ಮೇಲೇರಿ ಇಳಿದದ್ದು ಕಂಡ ಮೇಲೆಯೇ ಮುಂದಿನದು. ಆಮೇಲೆ ಬಿದ್ದ ಕಡೆಯ ಗಲ್ಲದೊಳಗೆ ನೋಡಿ, ಅಲ್ಲಿ ತುತ್ತು ಅಡಗಿರುತ್ತದೆ. ಬಾಯಿ ಒರೆಸಿ ಇನ್ನೂ 30 ನಿಮಿಷ ಕೂಡ್ರಿಸಿ. ಗುಳಿಗೆ ಪುಡಿ ಮಾಡುವ ಮೊದಲು ಡಾಕ್ಟರನ್ನು ಕೇಳಿ, ಕೆಲವನ್ನು ಒಡೆಯುವಂತಿಲ್ಲ.

ಕೆಮ್ಮುತ್ತಿದ್ದರೆ ಕೆಮ್ಮಲು ಬಿಡಿ, ಮೇಲೆ ನೀರು ಹಾಕಬೇಡಿ. ದನಿಯೂ ಇಲ್ಲ, ಕೆಮ್ಮೂ ಇಲ್ಲ, ತುಟಿ ನೀಲಿಯಾಗುತ್ತಿದೆ ಅಂದರೆ ಮುಂದಕ್ಕೆ ಬಾಗಿಸಿ ಹೆಕ್ಕತ್ತಿನ ಕೆಳಗೆ, ರೆಕ್ಕೆಮೂಳೆಗಳ ನಡುವೆ ಅಂಗೈಯಿಂದ 5 ಬಾರಿ ಜೋರಾಗಿ ಗುದ್ದಿ, ಇನ್ನೊಬ್ಬರು 108ಕ್ಕೆ ಫೋನ್ ಹಚ್ಚಲಿ.

ಒಂದು ಊಟಕ್ಕೆ ಮುಕ್ಕಾಲು ತಾಸು ಹಿಡಿಯುತ್ತದೆ. ಅಷ್ಟೂ ಹೊತ್ತು ಕೂಡುವವಳು ಸಾಮಾನ್ಯವಾಗಿ ಸೊಸೆ. ಭಾನುವಾರ ಊರಿಂದ ಬಂದವರು “ಒಂದ್ ಗುಟುಕು ನೀರು ಸೈತ ಕೊಡವಲ್ಲೆಲ್ಲವಾ ಅತ್ತಿಗೆ” ಅಂದುಬಿಟ್ಟರೆ ಆಕೆಯ ತಿಂಗಳ ದುಡಿಮೆ ಮಣ್ಣು. ಆ ಮಾತಿಗೆ ಹೆದರಿಯೇ ರಾತ್ರಿ ಕದ್ದು ನೀರು ಕೊಟ್ಟವರಿದ್ದಾರೆ, ಅವರನ್ನು ಬೈಯಲು ಮನಸ್ಸು ಬರುವುದಿಲ್ಲ. ಬಾಯಾರಿಕೆ ಸುಳ್ಳಲ್ಲ, ನಮ್ಮ ಏಪ್ರಿಲ್ ಬಿಸಿಲೂ ಸುಳ್ಳಲ್ಲ. ಗಟ್ಟಿ ಮಾಡಿದ ನೀರನ್ನು ಜನ ಕಡಿಮೆಯೇ ಕುಡಿಯುತ್ತಾರೆ. ಹಾಗಾಗಿ ದಿನಕ್ಕೆ ಎಷ್ಟು ಹೋಯಿತು, ಮೂತ್ರದ ಬಣ್ಣ ಏನು ಎಂದು ಕ್ಯಾಲೆಂಡರ್ ಮೇಲೆ ಬರೆದಿಡಿ. ಬಾಯಿ ಸ್ವಚ್ಛ ಮಾಡಿದ ಮೇಲೆ ಊಟದ ನಡುವಿನ ಹೊತ್ತಿನಲ್ಲಿ ಬರೀ ನೀರು ಕೊಡಬಹುದಾದ ಕೆಲವು ರೋಗಿಗಳೂ ಇದ್ದಾರೆ. ನಿಮ್ಮವರು ಅವರಲ್ಲೊಬ್ಬರೇ ಎಂದು ಚಿಕಿತ್ಸಕರನ್ನು ಕೇಳಿ, ನೀವೇ ತೀರ್ಮಾನಿಸಬೇಡಿ.

ನೋಡಲು ಬರುವವರಿದ್ದ ದಿನ ನೀರಿನ ತಂಬಿಗೆಯನ್ನು ಮಂಚದ ಹತ್ತಿರದಿಂದ ಒಳಗಿಡಿ. ಹದ ಮಾಡಿದ ನೀರನ್ನು ಬಟ್ಟಲಲ್ಲಿ ಮುಚ್ಚಿಟ್ಟು, ಬಂದ ಮಗಳನ್ನು ಎದುರಿಗೆ ಕೂಡ್ರಿಸಿ, ಚಮಚ ಆಕೆಯ ಕೈಗೇ ಕೊಡಿ. ಅವ್ವಗೆ ಮೂರು ಚಮಚ ಆಕೆಯೇ ಕುಡಿಸಲಿ, ಗಂಟಲ ಗಂಟು ಏರಿಳಿಯುವುದನ್ನು ಆಕೆಯೂ ನೋಡಲಿ.