ಭಾರ ಇದ್ದರೆ ಗಟ್ಟಿ ಅಂತಲ್ಲ

ಪ್ರಶ್ನೆ: ಮೊದಲ ಸಲ ಮನೆ ಮಾಡುತ್ತಿದ್ದೇವೆ, ಕೈಯಲ್ಲಿ ದುಡ್ಡು ಕಡಿಮೆ. ಬಾಳಿಕೆ ಬರುವ ಕಪಾಟು, ಶೆಲ್ಫ್ ಆರಿಸುವುದು ಹೇಗೆ? ಎತ್ತಿ ನೋಡಿದಾಗ ಭಾರ ಇದ್ದರೆ ಗಟ್ಟಿ ಅಲ್ಲವೇ?

ಉತ್ತರ: ಅಲ್ಲ. ಎಷ್ಟು ಸಲ ಹೇಳಿದರೂ ಈ ನಂಬಿಕೆ ಬಿಟ್ಟು ಹೋಗುತ್ತಿಲ್ಲ, ಅದಕ್ಕೇ ಈ ಸಲ ಬುಡದಿಂದ ಬಿಡಿಸಿ ಹೇಳುತ್ತೇನೆ.

ಎಂಡಿಎಫ್, ಅಂದರೆ ಮರದ ನಾರನ್ನು ಅಂಟು ಹಾಕಿ ಒತ್ತಿ ಮಾಡಿದ ಹಲಗೆ, ಘನ ಮೀಟರಿಗೆ ಸುಮಾರು 700ರಿಂದ 800 ಕಿಲೋ ತೂಗುತ್ತದೆ. ಒಣಗಿದ ತೇಗ ಸುಮಾರು 650 ಕಿಲೋ. ತೂಕವೇ ಅಳತೆಗೋಲಾದರೆ ತೇಗ ಸೋಲಬೇಕು! ನಿಜದಲ್ಲಿ ಬಾಗದೆ ನಿಲ್ಲುವ ಗುಣ ಎಂಡಿಎಫ್‌ಗೆ ತೇಗದ ಮೂರರಲ್ಲೊಂದು ಪಾಲಿನಷ್ಟೇ. ಮರದಲ್ಲಿ ನಾರು ಉದ್ದಕ್ಕೂ ಓಡುತ್ತದೆ. ಎಂಡಿಎಫ್‌ನಲ್ಲಿ ಪುಡಿನಾರನ್ನು, ಪಾರ್ಟಿಕಲ್ ಬೋರ್ಡಿನಲ್ಲಿ ಮರದ ಚೂರನ್ನು ಅಂಟು ಹಿಡಿದು ನಿಲ್ಲಿಸಿದೆ. ಭಾರದ ಒಂದು ಪಾಲು ಅಂಟಿನದು. ಆ ಭಾರ ಹಲಗೆಯನ್ನೇ ಕೆಳಗೆ ಜಗ್ಗುತ್ತದೆ. ಅಂಚಿಗೆ ಹಾಕಿದ ಸ್ಕ್ರೂ ಕಿತ್ತು ಬರುವುದೂ, ನೆಲ ಒರೆಸಿದ ನೀರು ಕುಡಿದು ಬುಡ ಉಬ್ಬುವುದೂ ಇಂಥ ಹಲಗೆಯಲ್ಲೇ. ಒಮ್ಮೆ ಉಬ್ಬಿದ್ದು ಒಣಗಿದ ಮೇಲೂ ಹಳೆಯ ದಪ್ಪಕ್ಕೆ ಮರಳುವುದಿಲ್ಲ. ಹಾಗಾಗಿ ಕಾಲಿರುವ ಕಪಾಟನ್ನೇ ಆರಿಸಿ.

ಹಾಗಂತ ಪಾರ್ಟಿಕಲ್ ಬೋರ್ಡ್ ಬೇಡವೇ ಬೇಡ ಅನ್ನುತ್ತಿಲ್ಲ. ಬಟ್ಟೆ ಇಡಲು ಧಾರಾಳವಾಗಿ ಸಾಕು. ಪುಸ್ತಕ, ಪಾತ್ರೆ ಇಡುವುದಾದರೆ ಮಾತ್ರ ಆಧಾರದಿಂದ ಆಧಾರಕ್ಕೆ ಎಷ್ಟು ದೂರ ಅಂತ ಟೇಪು ಹಿಡಿದು ನೋಡಿ. 18 ಮಿ.ಮೀ. ದಪ್ಪದ ಪಾರ್ಟಿಕಲ್ ಬೋರ್ಡ್ 60 ಸೆಂ.ಮೀ. ದಾಟಬಾರದು. ಅದೇ ಭಾರಕ್ಕೆ ಅಂತರ ಎರಡು ಪಟ್ಟಾದರೆ ಬಾಗು ಎಂಟು ಪಟ್ಟಾಗುತ್ತದೆ. ಉದ್ದ ಹೆಚ್ಚಾದಷ್ಟೂ ಸಾಮಾನು ತುಂಬುವುದರಿಂದ ನಿಜವಾಗಿ ಹದಿನಾರು ಪಟ್ಟು. ಈಗಾಗಲೇ ಬಾಗಿದ್ದರೆ ಹಲಗೆಯನ್ನು ಮಗುಚಿ ಹಾಕಿ, ಮುಂದಿನ ಅಂಚಿನ ಕೆಳಗೆ 40 ಮಿ.ಮೀ. ಎತ್ತರದ ಮರದ ಪಟ್ಟಿಯನ್ನು ಉದ್ದಕ್ಕೂ ಅಂಟಿಸಿ ಸ್ಕ್ರೂ ಬಿಗಿಯಿರಿ.

ಕೊಳ್ಳುವಾಗ ಡ್ರಾಯರ್ ಪೂರ್ತಿ ಹೊರಗೆಳೆದು ಒಳಗಿನ, ಲ್ಯಾಮಿನೇಟ್ ಇಲ್ಲದ ಅಂಚನ್ನು ನೋಡಿ. ಪದರ ಪದರವಾಗಿದ್ದರೆ ಪ್ಲೈವುಡ್, ಚೂರು ಕಂಡರೆ ಪಾರ್ಟಿಕಲ್ ಬೋರ್ಡ್, ನುಣ್ಣಗೆ ಒಂದೇ ಬಣ್ಣವಾದರೆ ಎಂಡಿಎಫ್. ಆಮೇಲೆ ಮೇಲಿನ ಮೂಲೆಯನ್ನು ಪಕ್ಕಕ್ಕೆ ತಳ್ಳಿ. ಚೌಕಟ್ಟು ಓರೆಯಾಗಿ ವಾಲಿದರೆ ದೋಷ ಹೆಚ್ಚಾಗಿ ಹಿಂಬದಿಯ ತೆಳು ಹಾಳೆಯದು. 3 ಮಿ.ಮೀ.ನ ಆ ಹಾಳೆಯನ್ನು ಜನ ಲೆಕ್ಕಕ್ಕೇ ಇಡುವುದಿಲ್ಲ, ಕಪಾಟು ನೇರ ನಿಲ್ಲುವುದು ಅದರಿಂದಲೇ. ಜೋಡಿಸುವಾಗ ಎರಡೂ ಕರ್ಣ ಅಳೆದು, ಸಮ ಬಂದ ಮೇಲೆಯೇ ಹಾಳೆಗೆ ಸುತ್ತಲೂ ಮೊಳೆ ಹೊಡೆಯಿರಿ. ಎತ್ತರದ ಕಪಾಟನ್ನು ಗೋಡೆಗೆ ಬ್ರಾಕೆಟ್ ಹಾಕಿ ಬಿಗಿಯಲೇಬೇಕು, ಮಕ್ಕಳಿರುವ ಮನೆಯಲ್ಲಂತೂ ಮೊದಲ ದಿನವೇ.

ಯಾರೂ ಕೇಳದಿದ್ದರೂ ಇನ್ನೊಂದು ಹೇಳಿಬಿಡುತ್ತೇನೆ. ಹಳೆಯ ಕಪಾಟಿನ ಬಾಗಿಲು ಜೋತಿದೆ ಅಂತ ಬಿಟ್ಟು ಬರಬೇಡಿ, ಅದನ್ನೇ ತೋರಿಸಿ ಬೆಲೆ ಇಳಿಸಿ. ಬಾಗಿಲಿನ ಕೀಲಿನ ಸ್ಕ್ರೂ ಕಿತ್ತುಹೋದ ತೂತನ್ನು 8 ಮಿ.ಮೀ.ಗೆ ದೊಡ್ಡದು ಮಾಡಿ, ಎದುರು ಬದಿಗೆ ತೂತು ದಾಟದಂತೆ ಡ್ರಿಲ್‌ ಬಿಟ್ಟಿಗೆ ಟೇಪು ಸುತ್ತಿ ಗುರುತು ಮಾಡಿಕೊಳ್ಳಿ. ಮರದ ಅಂಟು ಸವರಿದ 8 ಮಿ.ಮೀ. ಮರದ ಗೂಟ ಹೊಡೆದು, ಒಂದು ದಿನ ಒಣಗಲು ಬಿಡಿ. ಮಟ್ಟಸವಾಗಿ ಕತ್ತರಿಸಿ, 4 ಮಿ.ಮೀ. ಸ್ಕ್ರೂಗೆ 2.5 ಮಿ.ಮೀ. ತೂತು ಮೊದಲೇ ಕೊರೆಯಿರಿ. ಇಲ್ಲದಿದ್ದರೆ ಗೂಟ ಸೀಳುತ್ತದೆ.