ಪಶು ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂರುವವರಿಗೆ ಮೊದಲು ಕಲಿಸಬೇಕಾದದ್ದು

ನಮ್ಮ ಮಂಗಳೂರಿನ ಕ್ಲಿನಿಕ್‌ಗಳಲ್ಲಿ ಕೌಂಟರಿಗೆ ಜನ ಬೇಕಾದಾಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಡಿಗ್ರಿ ಆಗಿದೆಯಾ, ಟ್ಯಾಲಿ ಗೊತ್ತುಂಟಾ, ತುಳು ಬರ್ತದಾ, ನಾಯಿ ಅಂದ್ರೆ ಹೆದರಿಕೆ ಇಲ್ಲ ಅಲ್ವಾ. ಇವೆಲ್ಲ ಬೇಕಾದವೇ. ಆದರೆ ಬಿಲ್ ಹಾಕುವುದನ್ನು ಒಂದು ವಾರದಲ್ಲಿ ಕಲಿಸಬಹುದು. ಫೋನ್ ಮಾಡಿದವರ ಮಾತಿನೊಳಗೆ ಅಡಗಿರುವ ಅಪಾಯವನ್ನು ಗುರುತಿಸಲು ಕಲಿಸುವುದಕ್ಕೆ ತಿಂಗಳುಗಟ್ಟಲೆ ಬೇಕು. ಆ ತರಬೇತಿಯನ್ನೇ ನಾವು ವೈದ್ಯರು ಹೆಚ್ಚಾಗಿ ಬಿಟ್ಟುಬಿಡುತ್ತೇವೆ.

ಒಂದು ಫೋನ್ ಕರೆಯನ್ನೇ ನೋಡಿ. "ಮೇಡಂ, ನಮ್ಮ ಬೆಕ್ಕಿಗೆ ಕಕ್ಕ ಸರಿ ಆಗ್ತಾ ಇಲ್ಲ. ಮರಳಲ್ಲಿ ಕೂತು ತಿಣುಕ್ತದೆ, ಎಂತದೂ ಬರುದಿಲ್ಲ. ಶನಿವಾರ ಮಗನಿಗೆ ರಜೆ, ಆವಾಗ ತರಬಹುದಾ?" ತರಬೇತಿ ಇಲ್ಲದವರು ಶನಿವಾರ ಸಂಜೆಗೆ ಹೆಸರು ಬರೆದುಕೊಳ್ಳುತ್ತಾರೆ. ತರಬೇತಿ ಆದವರು ಎರಡು ಪ್ರಶ್ನೆ ಕೇಳುತ್ತಾರೆ: ಬೆಕ್ಕು ಗಂಡಾ ಹೆಣ್ಣಾ, ಮೂತ್ರ ಮಾಡಿದ್ದನ್ನು ಕೊನೆಗೆ ನೋಡಿದ್ದು ಯಾವಾಗ? ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಪೂರ. ಹರಳು ಅಥವಾ ಲೋಳೆ ಕಟ್ಟಿಕೊಂಡು ಮೂತ್ರ ಪೂರ್ತಿ ನಿಂತರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯಕ್ಕೇ ಪೆಟ್ಟು ಬೀಳುತ್ತದೆ. ಒಂದೆರಡು ದಿನದಲ್ಲಿ ಜೀವಕ್ಕೆ ಕುತ್ತು. ಮನೆಯವರ ಕಣ್ಣಿಗೆ ಅದು ಮಲಬದ್ಧತೆಯ ಹಾಗೆಯೇ ಕಾಣುತ್ತದೆ, ಅದರಲ್ಲಿ ಅವರ ತಪ್ಪಿಲ್ಲ. ಇಂಥ ಕರೆಗೆ ಉತ್ತರ ಒಂದೇ: "ಈಗಲೇ ಹೊರಡಿ, ನಾನು ಡಾಕ್ಟ್ರಿಗೆ ಹೇಳಿಡ್ತೇನೆ."

ದೊಡ್ಡ ತಳಿಯ ನಾಯಿಯ ಹೊಟ್ಟೆ ಉಬ್ಬಿದ್ದು ವಾಂತಿಗೆ ಎಳೆದರೂ ಏನೂ ಹೊರಬಾರದಿದ್ದರೆ ಅದೂ ಇದೇ ಸಾಲಿಗೆ ಸೇರುತ್ತದೆ. ಅರ್ಧ ಗಂಟೆ ಜೋರಾಗಿ ನೋವು ತಿಂದರೂ ಮರಿ ಹೊರಬಾರದ ಹೆಣ್ಣುನಾಯಿ, ಹಾವು ಕಚ್ಚಿದ್ದು, ಇಲಿ ಪಾಷಾಣ ತಿಂದದ್ದು, ಏಪ್ರಿಲ್-ಮೇ ಸೆಕೆಯಲ್ಲಿ ಏದುಸಿರು ಬಿಡುತ್ತಾ ಕುಸಿದದ್ದು, ಇವಕ್ಕೂ ಅಪಾಯಿಂಟ್‌ಮೆಂಟ್ ಪುಸ್ತಕ ತೆರೆಯುವುದೇ ಬೇಡ. ಹಟ್ಟಿಯಲ್ಲಿ ದನ ಕರು ಹಾಕಲು ಕಷ್ಟಪಡುತ್ತಿದೆ ಎಂದು ಬಜ್ಪೆ, ಕೈಕಂಬ ಕಡೆಯಿಂದ ಸಾಕುಪ್ರಾಣಿ ಕ್ಲಿನಿಕ್‌ಗೂ ಫೋನ್ ಬರುತ್ತದೆ. "ನಾವು ದನ ನೋಡುದಿಲ್ಲ" ಎಂದು ಇಟ್ಟುಬಿಡಬಾರದು. ಇಲಾಖೆಯ ಪಶು ಚಿಕಿತ್ಸಾ ವಾಹನದ 1962 ನಂಬರ್, ಆಯಾ ಊರಿನ ಸರಕಾರಿ ಪಶು ಆಸ್ಪತ್ರೆಯ ನಂಬರ್ ಫೋನಿನ ಪಕ್ಕದಲ್ಲೇ ಅಂಟಿಸಿರಬೇಕು.

ಕೇಳುವುದನ್ನು ಕಲಿಸಿದಷ್ಟೇ ಗಟ್ಟಿಯಾಗಿ, ಏನು ಹೇಳಬಾರದು ಎಂಬುದನ್ನೂ ಕಲಿಸಬೇಕು. ವರ್ಷಗಟ್ಟಲೆ ಕೌಂಟರಿನಲ್ಲಿ ಕೂತವರಿಗೆ ನಮ್ಮ ಚೀಟಿಗಳು ಬಾಯಿಪಾಠ ಆಗಿರುತ್ತವೆ. ಜ್ವರಕ್ಕೆ ಇದು, ಭೇದಿಗೆ ಅದು ಎಂದು ಸಹಾಯ ಮಾಡುವ ಮನಸ್ಸಿನಿಂದಲೇ ಹೇಳಿಬಿಡುತ್ತಾರೆ. 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯಿದೆಯ ಪ್ರಕಾರ ಚಿಕಿತ್ಸೆ ನೋಂದಾಯಿತ ವೈದ್ಯರ ಕೆಲಸ. ಕಾನೂನು ಒಂದು ಕಡೆಗಿರಲಿ, ಮಕ್ಕಳಿಗೆ ಕೊಡುವ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ಒಂದೇ ಮಾತ್ರೆ ಸಾಕು ಸಾಯಲಿಕ್ಕೆ. "ಸ್ವಲ್ಪ ಕೊಟ್ಟು ನೋಡಿ" ಎಂಬ ಮಾತು ನಮ್ಮ ಕೌಂಟರಿನಿಂದ ಹೊರಗೆ ಹೋಗಕೂಡದು. ಅದರ ಬದಲು, "ಡಾಕ್ಟ್ರನ್ನು ಕೇಳಿ ಹತ್ತು ನಿಮಿಷದಲ್ಲಿ ನಾನೇ ಫೋನ್ ಮಾಡ್ತೇನೆ" ಎನ್ನಬೇಕು, ಮಾಡಲೂ ಬೇಕು. ವೈದ್ಯರು ಆಪರೇಷನ್‌ನಲ್ಲಿದ್ದರೆ ಅದನ್ನೂ ತಿಳಿಸಿ, ಕಾಯಲಾಗದ ಕೇಸಾದರೆ ಬೇರೆ ಕ್ಲಿನಿಕ್ಕಿಗೆ ಕಳಿಸುವ ಧೈರ್ಯ ಕೌಂಟರಿನವರಿಗೆ ಇರಬೇಕು. ಆ ಧೈರ್ಯವನ್ನು ನಾವು ಕೊಟ್ಟಿರಬೇಕು.

ನಾನು ಅತಿ ಹೆಚ್ಚು ಹೊತ್ತು ಕೂತು ಕಲಿಸುವುದು ರೇಬೀಸ್ ಬಗ್ಗೆ. ನಮ್ಮ ಕಡೆ ನಾಯಿಗೆ ಮೀನು ಹಾಕುವುದು ಸಾಮಾನ್ಯ. ಹಾಗಾಗಿ ಜೊಲ್ಲು ಸುರಿಸುತ್ತಾ, ದವಡೆ ಜೋತುಬಿದ್ದ ನಾಯಿಯನ್ನು ತಂದವರು ಒಳಗೆ ಬರುವಾಗಲೇ ಹೇಳುತ್ತಾರೆ: "ಗಂಟಲಲ್ಲಿ ಬಂಗುಡೆ ಮುಳ್ಳು ಸಿಕ್ಕಿದೆ, ಬೆಳಿಗ್ಗೆಯಿಂದ ಎಂತದೂ ತಿನ್ನುದಿಲ್ಲ." ಮುಳ್ಳೇ ಇರಬಹುದು. ಆದರೆ ದವಡೆ ಬಿದ್ದುಹೋಗುವ ರೇಬೀಸ್ ಕೂಡ ನೋಡಲು ಹೀಗೆಯೇ ಇರುತ್ತದೆ, ಆ ನಾಯಿ ಬೊಗಳಿ ಮೈಮೇಲೆ ಬರಲೇಬೇಕೆಂದಿಲ್ಲ. ಕೌಂಟರಿನವರು ಆಗ ಹಾಜರಿ ಹೆಸರು ಬರೆಯುವ ಮೊದಲು ಆ ನಾಯಿಯನ್ನು ಹೊರಗೆ, ಜನರಿಂದ ದೂರ ನಿಲ್ಲಿಸಬೇಕು. ಬಾಯಿಗೆ ಟಾರ್ಚ್ ಬಿಟ್ಟು ಇಣುಕುವುದು, ಬೆರಳು ಹಾಕುವುದು ಬೇಡ. ಹಾಗೆ ಮಾಡಲು ಮನೆಯವರನ್ನೂ ಬಿಡಬಾರದು. ಕೇಳಬೇಕಾದದ್ದು: ಲಸಿಕೆ ಕಾರ್ಡ್ ಉಂಟಾ, ಈಚಿನ ತಿಂಗಳುಗಳಲ್ಲಿ ಬೇರೆ ನಾಯಿ ಕಚ್ಚಿತ್ತಾ, ಮನೆಯಲ್ಲಿ ಯಾರೆಲ್ಲ ಬಾಯಿಗೆ ಕೈ ಹಾಕಿದ್ದೀರಿ? ಕೊನೆಯ ಪ್ರಶ್ನೆಗೆ ಉತ್ತರವಾಗಿ ಬಂದ ಪ್ರತಿಯೊಂದು ಹೆಸರನ್ನೂ ಫೋನ್ ನಂಬರಿನ ಜೊತೆ ಬರೆದಿಡಬೇಕು, ಮಕ್ಕಳದ್ದೂ ಸೇರಿ. ಗಾಯ ಇದ್ದವರು, ಜೊಲ್ಲು ತಾಗಿದವರು ಆ ಜಾಗವನ್ನು ಹರಿಯುವ ನೀರಿನಲ್ಲಿ ಸಾಬೂನು ಹಾಕಿ 15 ನಿಮಿಷ ತೊಳೆದು, ವೆನ್‌ಲಾಕ್‌ಗೋ ಹತ್ತಿರದ ಸರಕಾರಿ ಆಸ್ಪತ್ರೆಗೋ ಅದೇ ದಿನ ಹೋಗಬೇಕು. ಮನುಷ್ಯನಲ್ಲಿ ಲಕ್ಷಣ ಕಾಣಿಸಿದ ಮೇಲೆ ಬದುಕಿಸುವ ದಾರಿ ಇಲ್ಲವೆಂದೇ ಹೇಳಬೇಕು. ಆ ಪಟ್ಟಿಯನ್ನು ಬರೆದ ಹುಡುಗಿ ಮಾಡಿದ್ದು ನನ್ನ ಇಂಜೆಕ್ಷನ್‌ಗಿಂತ ದೊಡ್ಡ ಕೆಲಸ.

ಇದೇ ಕಾರಣಕ್ಕೆ ಕೌಂಟರಿನ ಸಿಬ್ಬಂದಿಗೂ ಮುಂಜಾಗ್ರತೆಯ ರೇಬೀಸ್ ಲಸಿಕೆ ಕೊಡಿಸಬೇಕು, ಖರ್ಚು ಕ್ಲಿನಿಕ್ಕಿನದ್ದು. ನಾಯಿ ಹಿಡಿಯುವವರಿಗೆ ಮಾತ್ರ ಸಾಕು ಎನ್ನುವುದನ್ನು ನಾನು ಒಪ್ಪುವುದಿಲ್ಲ.

ಮರಿಗಳ ವಿಷಯ ಬೇರೆ. ವಾಂತಿ, ರಕ್ತಭೇದಿ ಎಂದು ಫೋನಿನಲ್ಲೇ ತಿಳಿದರೆ ಕಾರಿನಲ್ಲೋ ರಿಕ್ಷಾದಲ್ಲೋ ಕಾಯಲು ಹೇಳಿ, ಸರದಿ ಬಂದಾಗ ನೇರ ಒಳಗೆ ಕರೆಯಬೇಕು. ನಾಯಿಮರಿಗಳಿಗೆ ಇಂಥ ರಕ್ತಭೇದಿ ತರುವ ಪಾರ್ವೊ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಫಿನಾಯಿಲ್‌ಗೆ ಅದು ಜಗ್ಗುವುದಿಲ್ಲ, ಬ್ಲೀಚೇ ಬೇಕು. ಪಕ್ಕದ ಬೆಂಚಿನಲ್ಲಿ ಮೊದಲ ಲಸಿಕೆಗೆ ಬಂದ ಮರಿ ಕೂತಿರುತ್ತದೆ.

ಕಡತದ ಕೆಲಸದಲ್ಲಿ ನಮ್ಮ ಜಿಲ್ಲೆಗೇ ವಿಶೇಷವಾದ ತೊಡಕೊಂದುಂಟು. ನಾಯಿಯ ಯಜಮಾನ ದುಬೈಯಲ್ಲೋ ಕುವೈತಿನಲ್ಲೋ ಇರುತ್ತಾನೆ, ಕ್ಲಿನಿಕ್ಕಿಗೆ ತರುವುದು ಅವನ ಅಮ್ಮ. ಆಪರೇಷನ್‌ಗೆ ಒಪ್ಪಿಗೆ ಯಾರದ್ದು, ದುಡ್ಡು ಯಾರದ್ದು, ಅರಿವಳಿಕೆಯ ಅಪಾಯವನ್ನು ಯಾರಿಗೆ ವಿವರಿಸಿದ್ದೇವೆ ಎಂಬುದು ಫೈಲಿನಲ್ಲಿ ಸ್ಪಷ್ಟವಾಗಿರಬೇಕು. ಅಮ್ಮನಿಗೆ ಕೊಂಕಣಿಯಲ್ಲೋ ಬ್ಯಾರಿಯಲ್ಲೋ ಹೇಳಿ ಸಹಿ ಮಾಡಿಸುವುದು, ಮಗನಿಗೆ ಎಸ್ಟಿಮೇಟನ್ನು ವಾಟ್ಸಾಪ್ ಮಾಡಿ ಒಪ್ಪಿಗೆಯನ್ನು ಬರವಣಿಗೆಯಲ್ಲಿ ಪಡೆಯುವುದು, ಎರಡೂ ಆಗಬೇಕು. ಮೊತ್ತ ಏರುವ ಹಾಗಿದ್ದರೆ ಬಿಲ್ ಕೊಡುವಾಗಲ್ಲ, ಏರುವ ಮುಂಚೆಯೇ ಹೇಳಬೇಕು. ಕೌಂಟರಿನಲ್ಲಿ ನಡೆಯುವ ಜಗಳಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುವುದು.

ದಯಾಮರಣದ ದಿನ ಹಣದ ಮಾತು ಮೊದಲೇ ಮುಗಿಸಿಡಿ. ಆಮೇಲೆ ಆ ಫೈಲನ್ನು ಅದೇ ದಿನ ಮುಚ್ಚಬೇಕು. ಇಲ್ಲವಾದರೆ ತಿಂಗಳು ಕಳೆದು "ನಿಮ್ಮ ಟಾಮಿಯ ಲಸಿಕೆ ಬಾಕಿ ಇದೆ" ಎಂಬ ಮೆಸೇಜ್ ತಾನಾಗಿ ಹೋಗುತ್ತದೆ. ಕಂಪ್ಯೂಟರಿನಲ್ಲಿ ಒಂದು ಕ್ಲಿಕ್ಕಿನ ಕೆಲಸ. ಮರೆತರೆ ಆ ಮನೆಯವರಿಗೆ ಆಗುವ ನೋವಿಗೆ ಯಾವ ಕ್ಷಮಾಪಣೆಯೂ ಸಾಲದು.

ಲಸಿಕೆ ಫ್ರಿಜ್ಜಿನ ಉಸ್ತುವಾರಿಯೂ ಆಫೀಸಿನವರದ್ದೇ. 2ರಿಂದ 8 ಡಿಗ್ರಿ, ಬೆಳಿಗ್ಗೆ ಸಂಜೆ ಪುಸ್ತಕದಲ್ಲಿ ಬರೆಯಬೇಕು. ಬಾಗಿಲಿನ ಶೆಲ್ಫಿನಲ್ಲಿ ಲಸಿಕೆ ಇಡಬಾರದು, ಮಂಜುಗಟ್ಟಲೂ ಬಿಡಬಾರದು. ಜೂನ್-ಜುಲೈಯಲ್ಲಿ ಗಾಳಿಮಳೆಗೆ ಕರೆಂಟ್ ಹೋದರೆ ಯಾವ ಹೊತ್ತಿಗೆ ಹೋಯಿತು, ಯಾವಾಗ ಬಂತು ಎಂಬುದೂ ದಾಖಲಾಗಲಿ. ಶೆಡ್ಯೂಲ್ ಎಚ್1 ಔಷಧಿಗಳ (ಕೆಲವು ಆಂಟಿಬಯೋಟಿಕ್‌ಗಳ ಹಾಗೆ, ಕೊಟ್ಟದ್ದರ ಲೆಕ್ಕವನ್ನು ಕಾನೂನಿನಂತೆ ಬೇರೆಯೇ ಬರೆದಿಡಬೇಕಾದವು) ರಿಜಿಸ್ಟರನ್ನು ಮೂರು ವರ್ಷ ಇಟ್ಟುಕೊಳ್ಳಬೇಕು.

ಹೊಸದಾಗಿ ಸೇರಿದವರನ್ನು ಮೊದಲ ವಾರ ನಾನು ಕೌಂಟರಿನಲ್ಲಿ ಕೂರಿಸುವುದಿಲ್ಲ. ಒಳಗೆ ನನ್ನ ಪಕ್ಕದಲ್ಲಿ ನಿಂತು, ಹೊರಗೆ ಬರೆದುಕೊಂಡ ದೂರಿಗೂ ಒಳಗೆ ಸಿಕ್ಕಿದ ಕಾಯಿಲೆಗೂ ಎಷ್ಟು ಅಂತರ ಇತ್ತು ಎಂದು ನೋಡಬೇಕು. ಎರಡನೇ ವಾರ ಫೋನ್ ಕೊಡುತ್ತೇವೆ, ಹಳಬರೊಬ್ಬರು ಪಕ್ಕದಲ್ಲೇ ಇರುತ್ತಾರೆ. ಟ್ಯಾಲಿ ಮೂರನೇ ವಾರಕ್ಕೆ.